ಕೊಳದ ಆಳವೂ ಮೀನಿನ ಬೆಳವಣಿಗೆಯೂ

ಗೋರೆಗಾಂವ್ ನಿಲ್ದಾಣದ ಪೂರ್ವಕ್ಕೆ, 1949ರಲ್ಲಿ ಸ್ಥಾಪಿತವಾದ ಆರೇ ಹಾಲಿನ ಕಾಲೊನಿಯಲ್ಲಿ, ಛೋಟಾ ಕಾಶ್ಮೀರವೆಂಬ ಉದ್ಯಾನದ ಕೊಳವಿದೆ. ರಜೆಯ ದಿನ ಅದರ ದಂಡೆಯಲ್ಲಿ ಕುಳಿತ ನಮ್ಮವರ ಮಾತು ಊರಿನತ್ತ ಹೊರಳುವುದು ಸಹಜ. ಹೋಟೆಲಿನಲ್ಲೋ ಕಚೇರಿಯಲ್ಲೋ ದುಡಿದು ಕೂಡಿಟ್ಟ ಹಣದಲ್ಲಿ ಊರ ಗದ್ದೆಯ ಮೂಲೆಯಲ್ಲೊಂದು ಮೀನಿನ ಕೊಳ ತೋಡಿಸುವ ಹಂಬಲ ಕೆಲವರಿಗಾದರೂ ಇದ್ದೀತು. ಅಂತಹವರು ಮೊದಲು ಅರಿಯಬೇಕಾದುದು ಆಳದ ಲೆಕ್ಕ. ಆಳ ಹೆಚ್ಚಿದಷ್ಟೂ ಮೀನು ಹೆಚ್ಚೆಂಬ ನಂಬಿಕೆ ಸರಿಯಲ್ಲ.

ಕೊಳದ ಮೀನಿನ ಆಹಾರವೂ ಉಸಿರೂ ಬಹುಮಟ್ಟಿಗೆ ಬಿಸಿಲಿನಿಂದಲೇ ಹುಟ್ಟುತ್ತವೆ. ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳು ಬೆಳಕನ್ನು ಹೀರಿ ಬೆಳೆದು ಆಮ್ಲಜನಕವನ್ನು ಬಿಡುತ್ತವೆ. ಬೆಳಕು ಇಳಿಯದ ಆಳದಲ್ಲಿ ಈ ಕಾರ್ಯ ನಡೆಯದು. ಹೋಟೆಲಿನ ಹಂಡೆಗೆ ಉರಿ ಕೆಳಗಿನಿಂದ. ಬಿಸಿನೀರು ಮೇಲೇರಿ, ತಣ್ಣೀರು ಇಳಿದು ಎಲ್ಲವೂ ಬೆರೆಯುತ್ತದೆ. ಕೊಳಕ್ಕಾದರೋ ಉರಿ ಮೇಲಿನಿಂದ. ಕಾದ ಹಗುರ ನೀರು ಮೇಲೆಯೇ ನಿಲ್ಲುತ್ತದೆ, ತಣ್ಣನೆಯ ಭಾರದ ನೀರು ತಳದಲ್ಲಿ ಉಳಿಯುತ್ತದೆ. ಗಾಳಿ ಕಲಕಲಾರದಷ್ಟು ಆಳವಿದ್ದರೆ, ತಳದಲ್ಲಿ ಕೊಳೆಯುವ ಕಸವು ಅಲ್ಲಿನ ಆಮ್ಲಜನಕವನ್ನು ಮುಗಿಸಿ ವಿಷಾನಿಲಗಳಿಗೆ ಎಡೆಗೊಡುತ್ತದೆ. ಒಮ್ಮೆಲೇ ಸುರಿದ ತಣ್ಣನೆಯ ಮಳೆಗೆ ಆ ನೀರು ಮೇಲೆದ್ದರೆ, ಬೆಳಗಾಗುವುದರೊಳಗೆ ಮೀನು ಸತ್ತು ತೇಲುವುದುಂಟು.

ಹಾಗೆಂದು ಆಳ ತೀರ ಕಡಮೆಯಾದರೂ ಕೇಡೇ. 3 ಅಡಿಗಿಂತ ಕಡಮೆಯಾದ ನೀರು ಬೇಸಗೆಯಲ್ಲಿ ಬೇಗ ಕಾಯುತ್ತದೆ. ಕಾದ ನೀರು ಹಿಡಿದಿಡುವ ಆಮ್ಲಜನಕವೂ ಕಡಮೆ. ತಳದವರೆಗೆ ಬೆಳಕು ಬಿದ್ದು ಕಳೆ ಬೆಳೆಯುತ್ತದೆ. ಕೊಕ್ಕರೆ, ನೀರುಕಾಗೆಗಳಿಗೆ ಬೇಟೆ ಸುಲಭವಾಗುತ್ತದೆ.

ಕಾಟ್ಲಾ ಮೇಲಿನ ನೀರಿನಲ್ಲಿಯೂ, ರೋಹು ನಡುವಿನಲ್ಲಿಯೂ, ಮೃಗಾಲ್ ತಳದಲ್ಲಿಯೂ ಮೇಯುತ್ತವೆ. ಮೂರು ಪಂಕ್ತಿಗೂ ಊಟ ಸಿಗಬೇಕಾದರೆ ಮೂರು ಅಂತಸ್ತಿಗೂ ಉಸಿರಿರಬೇಕು. ಅದಕ್ಕೆ 5ರಿಂದ 6½ ಅಡಿ ನೀರು ಹಿತವಾದ ಪ್ರಮಾಣ. ಮರಿಗಳನ್ನು ಸಾಕುವ ಕೊಳಕ್ಕೆ 3ರಿಂದ 5 ಅಡಿ ಸಾಕು.

ತೋಡಿದ ಆಳ ಬೇರೆ, ನಿಂತ ನೀರಿನ ಆಳ ಬೇರೆ ಎಂಬುದನ್ನು ಮರೆಯಲಾಗದು. ನಮ್ಮ ಕರಾವಳಿಯ ಮುರಕಲ್ಲಿನ ನೆಲದಲ್ಲಿ ನೀರು ಇಂಗಿಹೋಗುತ್ತದೆ. ಆಷಾಢದಲ್ಲಿ ತುಂಬಿದ ಕೊಳ ಚೈತ್ರದಲ್ಲಿ ಕೆಸರಾಗಬಹುದು. ಆದುದರಿಂದ ಬೇಸಗೆಯ ಬಾವಿಯ ಮಟ್ಟವನ್ನು ನೋಡಿ, ಜಿಲ್ಲೆಯ ಮೀನುಗಾರಿಕೆ ಇಲಾಖೆಯವರನ್ನು ವಿಚಾರಿಸಿ, ಬಳಿಕ ಗುದ್ದಲಿ ಹಾಕಿಸುವುದು ಲೇಸು. ಅನವಶ್ಯವಾಗಿ ಇಳಿಸಿದ ಒಂದೊಂದು ಅಡಿಗೂ ಕೂಲಿ ತೆರಬೇಕು. ಆ ಕೂಲಿ ಮುಂಬಯಿಯಲ್ಲಿ ನಾವು ಬೆವರು ಸುರಿಸಿ ಗಳಿಸಿದ್ದು.