ಗಾಜಿನ ಮಣಿ: ಉರಿಯಲ್ಲಿ ಹುಟ್ಟಿ ತಣಿವಿನಲ್ಲಿ ಉಳಿಯುವುದು

ಗಾಜಿನ ಕರಿಮಣಿಯನ್ನು ನೋಡದವರು ನಮ್ಮಲ್ಲಿ ಯಾರೂ ಇರಲಾರರು. ಸಾಸಿವೆಗಿಂತ ತುಸು ದೊಡ್ಡದಾದ ಆ ಮಣಿಗೆ ತೂತು ಬಂದುದು ಹೇಗೆ? ಗಾಜನ್ನು ಕೊರೆದಿರಬೇಕು ಎಂದು ಹಲವರು ಭಾವಿಸುತ್ತಾರೆ. ವಾಸ್ತವವಾಗಿ ಇಲ್ಲಿ ತೂತು ಮೊದಲು, ಮಣಿ ಆಮೇಲೆ.

ಮಣಿ ಮಾಡುವ ಮುಖ್ಯ ವಿಧಾನಗಳು ಎರಡು. ಮೊದಲನೆಯದು ಎಳೆಯುವ ವಿಧಾನ. ಮೆತ್ತಗಾದ ಗಾಜಿನ ಮುದ್ದೆಯೊಳಗೆ ಟೊಳ್ಳು ಮಾಡಿ, ಅದನ್ನು ಉದ್ದನೆಯ ಸಣ್ಣ ಕೊಳವೆಯಾಗಿ ಎಳೆದು, ತಣಿದ ಮೇಲೆ ಚೂರು ಚೂರಾಗಿ ಕತ್ತರಿಸುತ್ತಾರೆ. ಮತ್ತೆ ಕಾಯಿಸಿದಾಗ ಅಂಚು ನಯವಾಗುತ್ತದೆ. ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ 1945ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದರು. ಎಳೆದು ಮಾಡಿದ ಗಾಜಿನ ಮಣಿಗಳಿಗೆ ಆ ಊರು ಹೆಸರಾಗಿದೆ. ಇಂಥ ಮಣಿಗಳು ಆಗ್ನೇಯ ಏಷ್ಯದ ಪ್ರಾಚೀನ ನೆಲೆಗಳಲ್ಲೂ ಸಿಕ್ಕಿವೆ. ಆಂಧ್ರಪ್ರದೇಶದ ಪಾಪಾನಾಯುಡುಪೇಟೆಯಲ್ಲಿ ಈ ವಿಧಾನ ನಮ್ಮ ಕಾಲದವರೆಗೂ ಉಳಿದು ಬಂತು.

ಎರಡನೆಯದು ಸುತ್ತುವ ವಿಧಾನ. ಬನಾರಸಿನ ಕುಶಲಕರ್ಮಿಗಳು ಅನುಸರಿಸುವುದು ಇದನ್ನೇ. ಹವ್ಯಾಸವಾಗಿ ಮಣಿ ಮಾಡಲು ಹೊರಟವರಿಗೂ ಇದೇ ಸೂಕ್ತ.

ಗಾಜು ಮತ್ತು ಬೆಲ್ಲದ ಪಾಕ

ಗಾಜಿನ ಮೂಲವಸ್ತು ಮರಳಿನ ಸಿಲಿಕ. ಅದು ಕರಗಲು ಸುಮಾರು 1700 ಡಿಗ್ರಿ ಸೆಲ್ಸಿಯಸ್ ಬೇಕು. ಸೋಡ ಬೆರೆಸಿದರೆ ಈ ಉಷ್ಣತೆ ಬಹಳ ಇಳಿಯುತ್ತದೆ. ಆದರೆ ಬರೀ ಸೋಡ ಬೆರೆತ ಗಾಜು ನೀರಿನಲ್ಲಿ ಕರಗುತ್ತದೆ. ಅದನ್ನು ತಡೆಯುವುದು ಸುಣ್ಣ. ಬಳೆ, ಬಾಟಲಿ, ಕಿಟಕಿಗಾಜುಗಳೆಲ್ಲ ಈ ಮೂರರ ಕೂಟವೇ.

ಮಂಜುಗಡ್ಡೆಗೆ ಇರುವಂತೆ ಗಾಜಿಗೆ ನಿಶ್ಚಿತ ಕರಗುವ ಬಿಂದು ಇಲ್ಲ. ಬೆಲ್ಲದ ಪಾಕ ಆರುತ್ತ ಬಂದಂತೆ ಎಳೆಯಾಗಿ, ಅಂಟಾಗಿ, ಕೊನೆಗೆ ಗಟ್ಟಿಯಾಗುತ್ತದಲ್ಲವೆ? ಗಾಜೂ ಹಾಗೆಯೇ. ಈ ನಡುವಿನ ಹದವೇ ಮಣಿ ಮಾಡುವವನ ಬಂಡವಾಳ.

ತೆಳ್ಳನೆಯ ಉಕ್ಕಿನ ಸಲಾಕೆಯನ್ನು ಜೇಡಿಯಂಥ ಲೇಪದಲ್ಲಿ ಅದ್ದಿ ಒಣಗಿಸುತ್ತಾರೆ. ಗಾಜಿನ ಕಡ್ಡಿಯ ತುದಿಯನ್ನು ಮೊದಲು ಜ್ವಾಲೆಯ ಹೊರ ಅಂಚಿನಲ್ಲಿ ನಿಧಾನವಾಗಿ ಕಾಯಿಸಬೇಕು. ಅವಸರಿಸಿದರೆ ಕಡ್ಡಿ ಸಿಡಿಯುತ್ತದೆ. ತುದಿ ಮೆತ್ತಗಾದಾಗ ಅದನ್ನು ಸಲಾಕೆಗೆ ತಾಗಿಸಿ, ಸಲಾಕೆಯನ್ನು ತಿರುಗಿಸುತ್ತ ಸುತ್ತಬೇಕು. ಗಾಜನ್ನು ದುಂಡಗಾಗಿಸುವುದು ಮೇಲ್ಮೈ ಎಳೆತ. ಕೆಳಗೆ ಜೋಲುವಂತೆ ಮಾಡುವುದು ಗುರುತ್ವ. ತಿರುಗಿಸುವುದನ್ನು ಕ್ಷಣ ನಿಲ್ಲಿಸಿದರೂ ಮಣಿ ಸೊಟ್ಟಗಾಗುತ್ತದೆ. ತಣಿದ ಮೇಲೆ ಲೇಪದಿಂದಾಗಿ ಮಣಿ ಕಳಚಿ ಬರುತ್ತದೆ. ಸಲಾಕೆ ಇದ್ದ ಜಾಗವೇ ತೂತು.

ಬಣ್ಣ ಬರುವುದು ಲೋಹಗಳಿಂದ: ಕೋಬಾಲ್ಟ್ ಕಡುನೀಲಿ, ಕಬ್ಬಿಣ ಹಸಿರು, ಮ್ಯಾಂಗನೀಸ್ ನೇರಳೆ. ಕೆಲಸದ ನಡುವೆ ಮಾತ್ರ ಬಣ್ಣ ಸರಿಯಾಗಿ ಕಾಣದು. ಗಾಜಿನ ಸೋಡಿಯಂ ಜ್ವಾಲೆಯಲ್ಲಿ 589 ನ್ಯಾನೋಮೀಟರ್ ಅಲೆಯುದ್ದದ ಹಳದಿ ಬೆಳಕನ್ನು ಚೆಲ್ಲುತ್ತದೆ. ಆದ್ದರಿಂದ ನಿಯೋಡಿಮಿಯಂ ಬೆರೆತ ಡಿಡಿಮಿಯಂ ಕನ್ನಡಕ ಧರಿಸುತ್ತಾರೆ. ಅದು ಆ ಹಳದಿಯನ್ನು ಹೀರಿಕೊಳ್ಳುತ್ತದೆ.

ಕ್ಯಾಮೆರಾ ತೋರಿಸದ ಭಾಗ

ದೂರದರ್ಶನದಲ್ಲಿ ಇದನ್ನು ತೋರಿಸುವುದು ಸುಲಭ. ಐದು ನಿಮಿಷದಲ್ಲಿ ಮಣಿ ಸಿದ್ಧ. ಆದರೆ ಆ ಮಣಿ ಉಳಿಯುವುದೋ ಒಡೆಯುವುದೋ ಎಂಬುದು ತೀರ್ಮಾನವಾಗುವುದು ಮುಂದಿನ ಕೆಲವು ಗಂಟೆಗಳಲ್ಲಿ. ಅದರಲ್ಲಿ ನೋಡುವಂಥದ್ದು ಏನೂ ಇಲ್ಲ. ಆದ್ದರಿಂದ ಕ್ಯಾಮೆರಾಕ್ಕೆ ಅದು ಬೇಡ.

ಬಿಸಿ ಮಣಿಯನ್ನು ಹಾಗೇ ಬಿಟ್ಟರೆ ಹೊರಭಾಗ ಮೊದಲು ಗಟ್ಟಿಯಾಗುತ್ತದೆ. ಒಳಭಾಗ ಆಮೇಲೆ ಕುಗ್ಗಲು ಹೊರಟಾಗ ಹೊರಕವಚ ಬಿಡುವುದಿಲ್ಲ. ಈ ಎಳೆದಾಟ ಮಣಿಯೊಳಗೆ ಪೀಡನವಾಗಿ ಉಳಿಯುತ್ತದೆ. ಅಂಥ ಮಣಿ ಇಂದು ಚೆನ್ನಾಗಿದ್ದು, ವಾರದ ಬಳಿಕ ತಾನಾಗಿಯೇ ಬಿರುಕು ಬಿಡಬಹುದು. ಆದುದರಿಂದ ಮಣಿಯನ್ನು ವಿದ್ಯುತ್ ಕುಲುಮೆಯಲ್ಲಿ ಸುಮಾರು 500 ಡಿಗ್ರಿಯಲ್ಲಿ ಕೆಲಹೊತ್ತು ಇರಿಸಿ, ಪೀಡನ ಸಡಿಲವಾದ ಮೇಲೆ ಬಹಳ ನಿಧಾನವಾಗಿ ತಣಿಸಬೇಕು. ಇದೇ ಅನೀಲಿಂಗ್.

ಎರಡು ಬಗೆಯ ಗಾಜು ಬೆರೆಸುವಾಗ ಇನ್ನೊಂದು ಅಪಾಯವಿದೆ. ಹವ್ಯಾಸಿಗಳ ಗಾಜಿನ ಕಡ್ಡಿಗಳ ಮೇಲೆ 104, 96, 90 ಎಂಬ ಅಂಕಿಗಳಿರುತ್ತವೆ. ಇವು ಉಷ್ಣ ವ್ಯಾಕೋಚನದ ಸೂಚಕಗಳು. 104 ಎಂದರೆ ಪ್ರತಿ ಡಿಗ್ರಿಗೆ, ಕೋಟಿಯಲ್ಲಿ 104 ಭಾಗ ಹಿಗ್ಗುವ ಗಾಜು. 104 ಮತ್ತು 90ನ್ನು ಬೆಸೆದು 480 ಡಿಗ್ರಿಯಷ್ಟು ತಣಿಸಿದರೆ, ಒಂದು ಸೆಂಟಿಮೀಟರ್ ಉದ್ದದಲ್ಲಿ ವ್ಯತ್ಯಾಸ ಸುಮಾರು 6.7 ಮೈಕ್ರೋಮೀಟರ್, ತಲೆಗೂದಲಿನ ದಪ್ಪದ ಹತ್ತರಲ್ಲೊಂದು ಪಾಲು. ಬಗ್ಗದ ಗಾಜು ಒಡೆಯಲು ಅಷ್ಟು ಸಾಕು. ಅನೀಲಿಂಗ್ ಕೂಡ ಇದನ್ನು ಸರಿಪಡಿಸಲಾರದು. ಬಳೆಚೂರು, ಬಾಟಲಿಚೂರು ಬೆರೆಸಿ ಮಾಡಿದ ಮಣಿ ಬಾಳದಿರುವುದು ಇದರಿಂದಲೇ.

ನೀವೇ ಮಾಡಿ ನೋಡಿ

ಒಳಗಿನ ಪೀಡನವನ್ನು ಕಣ್ಣಾರೆ ಕಾಣಬಹುದು. ಎಲ್‌ಸಿಡಿ ಕಂಪ್ಯೂಟರ್ ಪರದೆಯಿಂದ ಬರುವುದು ಧ್ರುವೀಕೃತ ಬೆಳಕು. ಬಿಳಿ ಪರದೆಯ ಮುಂದೆ ಪೋಲರಾಯ್ಡ್ ತಂಪು ಕನ್ನಡಕವನ್ನು ತಿರುಗಿಸಿ ಪರದೆ ಕಪ್ಪಾಗುವ ಕೋನ ಹುಡುಕಿ. ಈಗ ನಡುವೆ ಪಾರದರ್ಶಕ ಪ್ಲಾಸ್ಟಿಕ್ ಅಳತೆಪಟ್ಟಿ ಹಿಡಿಯಿರಿ. ಬಣ್ಣದ ಪಟ್ಟೆಗಳು ಮೂಡುತ್ತವೆ. ಸರಿಯಾಗಿ ತಣಿಯದ ಪಾರದರ್ಶಕ ಮಣಿಯಲ್ಲೂ ಹೀಗೆಯೇ ಬೆಳಕಿನ ಕಲೆಗಳು ಕಾಣುತ್ತವೆ.

ಇದಕ್ಕೆ ಬೆಂಕಿ ಬೇಡ. ಆದರೆ ಮಣಿ ಮಾಡುವುದಕ್ಕೆ ಬೇಕು. ಅದನ್ನು ಬಲ್ಲವರ ಎದುರಿನಲ್ಲೇ ಕಲಿಯಬೇಕು. ಅಡಿಗೆಮನೆಯ ಸಿಲಿಂಡರಿಗೆ ಟಾರ್ಚ್ ಜೋಡಿಸುವ ಪ್ರಯೋಗ ಖಂಡಿತ ಕೂಡದು. ಗಾಳಿಯಾಡುವ ಕೋಣೆ, ಹತ್ತಿಬಟ್ಟೆ, ಕಟ್ಟಿದ ಕೂದಲು, ಕನ್ನಡಕ ಇವು ಕಡ್ಡಾಯ. ಒಣಲೇಪವನ್ನು ಉಜ್ಜುವಾಗ ಒದ್ದೆ ಮಾಡಿಕೊಳ್ಳಿ. ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಜೊತೆಗೊಂದು ನೋಟುಪುಸ್ತಕವಿರಲಿ. ಯಾವ ಗಾಜು, ಎಷ್ಟು ಹೊತ್ತು ಕಾಯಿಸಿದ್ದು, ಎಷ್ಟು ಹೊತ್ತು ತಣಿಸಿದ್ದು, ಎಲ್ಲವನ್ನೂ ಬರೆದಿಡಿ. ತಿಂಗಳ ನಂತರ ಯಾವ ಮಣಿ ಬಿರುಕು ಬಿಟ್ಟಿತು, ಯಾವುದು ಉಳಿಯಿತು ಎಂದು ಹೋಲಿಸಿದಾಗ, ಮುಂದಿನ ಮಣಿಗೆ ಏನು ಮಾಡಬೇಕೆಂಬುದು ಆ ಪುಟಗಳಲ್ಲೇ ಸಿಗುತ್ತದೆ.