ಕುಡಿತವೂ ದೇಹದ ಹೊಂದಾಣಿಕೆಯೂ

ದಾವಣಗೆರೆಯ ಹತ್ತಿಗಿರಣಿಗಳೂ ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯೂ ಭರದಿಂದ ನಡೆಯುತ್ತಿದ್ದ ಕಾಲದಲ್ಲಾಗಲಿ, ಅವುಗಳ ಸದ್ದಡಗಿದ ಈಚಿನ ದಿನಗಳಲ್ಲಾಗಲಿ, ಎಷ್ಟು ಕುಡಿದರೂ ಹೆಜ್ಜೆ ತಪ್ಪದವನನ್ನು ಗಟ್ಟಿಗನೆಂದು ಮೆಚ್ಚುವ ವಾಡಿಕೆ ನಮ್ಮಲ್ಲಿ ಅಳಿದಿಲ್ಲ. ವೈದ್ಯನ ಕಣ್ಣಿಗಾದರೋ ಆ ಗಟ್ಟಿತನವೇ ರೋಗದ ಮೊದಲ ಚಿಹ್ನೆ.

ಒಂದು ಕ್ವಾರ್ಟರ್, ಎಂದರೆ 180 ಮಿಲಿಲೀಟರ್ ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಮದ್ಯಸಾರವಿರುತ್ತದೆ. ಯಕೃತ್ತು ಗಂಟೆಗೆ 7ರಿಂದ 10 ಗ್ರಾಮಿನಷ್ಟನ್ನು ಮಾತ್ರ ಕರಗಿಸಬಲ್ಲುದಾದ್ದರಿಂದ, ರಾತ್ರಿ ಹತ್ತಕ್ಕೆ ಕುಡಿದದ್ದು ಬೆಳಗಿನ ಪಾಳಿಯ ಹೊತ್ತಿಗೂ ರಕ್ತದಲ್ಲಿ ಉಳಿದಿರುವುದುಂಟು. ನಿತ್ಯ ಕುಡಿಯುವವನ ಯಕೃತ್ತು ಸಿವೈಪಿ2ಇ1 ಎಂಬ ಕಿಣ್ವವನ್ನು ಹೆಚ್ಚಾಗಿ ತಯಾರಿಸಿ ಈ ವೇಗವನ್ನು ಕೊಂಚ ಏರಿಸುತ್ತದೆ. ಹಿರಿದಾದ ಮಾರ್ಪಾಟು ನಡೆಯುವುದು ಮಿದುಳಿನಲ್ಲಿ. ನರಕೋಶಗಳನ್ನು ಶಮನಗೊಳಿಸುವ ಗಾಬಾ ಎಂಬ ದ್ರವ್ಯದ ಪ್ರಭಾವವನ್ನು ಮದ್ಯವು ವರ್ಧಿಸಿ, ಅವನ್ನು ಉದ್ರೇಕಿಸುವ ಗ್ಲುಟಮೇಟಿನ ಪ್ರಭಾವವನ್ನು ಕುಗ್ಗಿಸುತ್ತದೆ. ಇದು ದಿನಂಪ್ರತಿ ನಡೆಯತೊಡಗಿದಾಗ ಮಿದುಳು ತನ್ನ ಸಮತೋಲವನ್ನು ಕಾಯ್ದುಕೊಳ್ಳಲೆಂದು ಗಾಬಾ ಗ್ರಾಹಕಗಳನ್ನು ಮಂದಗೊಳಿಸಿ, ಗ್ಲುಟಮೇಟ್ ಗ್ರಾಹಕಗಳನ್ನು ಹೆಚ್ಚಿಸಿಕೊಳ್ಳುತ್ತದೆ. ಒಂದು ನೈಂಟಿಗೆ, ಎಂದರೆ ಅರ್ಧ ಕ್ವಾರ್ಟರಿಗೆ, ಏರುತ್ತಿದ್ದ ಅಮಲಿಗೆ ಆಗ ಕ್ವಾರ್ಟರ್ ಬೇಕಾಗುತ್ತದೆ.

ಡಯಾಜೆಪಾಮ್, ಆಲ್‌ಪ್ರಜೋಲಾಮ್ ಮೊದಲಾದ ನಿದ್ರೆಯ ಮಾತ್ರೆಗಳೂ ಅದೇ ಗಾಬಾ ಗ್ರಾಹಕಗಳ ಮೇಲೆಯೇ ವರ್ತಿಸುವುದರಿಂದ, ಕುಡಿತಕ್ಕೆ ಒಗ್ಗಿದವನಿಗೆ ಸಾಮಾನ್ಯ ಪ್ರಮಾಣ ನಾಟುವುದಿಲ್ಲ. ಇಲ್ಲಿಯೇ ಘೋರವಾದ ಅಪಾಯವಿದೆ: ಅಮಲನ್ನು ತಾಳುವ ಶಕ್ತಿ ಬೆಳೆದಷ್ಟು ಉಸಿರಾಟದ ಕೇಂದ್ರದ ತಾಳಿಕೆ ಬೆಳೆಯದು. ಮದ್ಯವನ್ನೂ ಮಾತ್ರೆಯನ್ನೂ ಕೂಡಿ ಸೇವಿಸಿದವನು, ತನಗೇನೂ ಆಗದೆಂಬ ಭ್ರಮೆಯಲ್ಲಿಯೇ, ನಿದ್ರೆಯಲ್ಲಿ ಉಸಿರು ನಿಂತು ತೀರಿಕೊಳ್ಳಬಹುದು.

ಥಟ್ಟನೆ ನಿಲ್ಲಿಸಿದರೂ ಗಂಡಾಂತರವೇ. ಉದ್ರೇಕಕ್ಕೆ ಸಜ್ಜಾದ ಮಿದುಳಿನ ಮೇಲಿನ ಹಿಡಿತ ಒಮ್ಮೆಗೇ ಸಡಿಲುತ್ತದೆ: ಮೊದಲು ಚಹಾದ ಲೋಟ ತುಳುಕುವಷ್ಟು ಕೈನಡುಕ, ಎರಡು ದಿನಗಳೊಳಗೆ ಫಿಟ್ಸ್, ಎರಡರಿಂದ ನಾಲ್ಕನೆಯ ದಿನದ ನಡುವೆ ಇಲ್ಲದ್ದನ್ನು ಕಂಡು ಬೆದರುವ ಸನ್ನಿ. 2020ರ ಮಾರ್ಚಿನಲ್ಲಿ ಲಾಕ್‌ಡೌನಿನಿಂದ ರಾಜ್ಯದ ಮದ್ಯದಂಗಡಿಗಳೆಲ್ಲ ಮುಚ್ಚಿ, ಮೇ 4ರವರೆಗೆ ತೆರೆಯದಿದ್ದಾಗ, ಬೆಂಗಳೂರಿನ ಆಸ್ಪತ್ರೆಗಳಿಗೆ ಇಂಥ ರೋಗಿಗಳು ಹೆಚ್ಚಾಗಿ ಬಂದುದನ್ನು ವೈದ್ಯರು ದಾಖಲಿಸಿದರು. ಪರವಾನಗಿ, ನಿಷೇಧಗಳನ್ನು ಕುರಿತು ಅಂದು ವಾದಿಸಿದವರು ಈ ನರಳಾಟವನ್ನು ಹಟವೆಂದು ಬಗೆದುದು ನನಗೆ ಇಂದಿಗೂ ಸಂಕಟವನ್ನುಂಟುಮಾಡುತ್ತದೆ.

ಬಿಡಬೇಕೆನ್ನುವವನನ್ನು ಕೋಣೆಯಲ್ಲಿ ಕೂಡಿಹಾಕದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಅಲ್ಲಿ ಥಯಾಮಿನ್ ಜೀವಸತ್ವದ ಜೊತೆಗೆ, ಗಾಬಾ ಗ್ರಾಹಕಗಳನ್ನೇ ಹಿಡಿಯುವ ಕ್ಲೋರ್‌ಡಯಜೆಪಾಕ್ಸೈಡನ್ನು ಕೊಟ್ಟು, ದಿನದಿನವೂ ಅದರ ಪ್ರಮಾಣವನ್ನು ತಗ್ಗಿಸುತ್ತ ಬರುತ್ತಾರೆ. ಕೆಲವು ವಾರಗಳು ಕಳೆದಮೇಲೆ ತಾಳಿಕೆಯೂ ಇಳಿದಿರುತ್ತದೆ; ಮನೆಗೆ ಮರಳಿದವನು ಹಿಂದಿನ ಅಳತೆಯಲ್ಲಿಯೇ ಕುಡಿದರೆ ಅದು ಅವನ ಪ್ರಾಣಕ್ಕೆ ಎರವಾದೀತೆಂಬುದನ್ನು ಮನೆಯವರಿಗೂ ಅಂದೇ ತಿಳಿಸಿರಬೇಕು.