ಗಣಕಯಂತ್ರದ ಸಾಲಾವಳಿ

ತಾಲ್ಲೂಕು ಕೇಂದ್ರವೊಂದರಿಂದ ವಾಚಕ ಮಹಾಶಯರೊಬ್ಬರು ಬರೆದ ಕಾಗದವು ಕಳೆದ ವಾರ ನನ್ನ ಕೈಸೇರಿತು. ಅವರ ಮಗನು ದ್ವಿತೀಯ ಪಿಯುಸಿ ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳನ್ನು ಗಳಿಸಿ, ಅದಕ್ಕೆ ಪಾರಿತೋಷಕವಾಗಿ ಆಟಗಳನ್ನಾಡಲು ತಕ್ಕ ಗಣಕಯಂತ್ರವೊಂದನ್ನು, ಅದರಲ್ಲಿಯೂ ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುವುದನ್ನಲ್ಲ, ಬಿಡಿ ಭಾಗಗಳನ್ನು ಕೊಂಡು ತಂದು ತಾನೇ ಜೋಡಿಸುವಂಥದನ್ನು ಬೇಡಿದ್ದಾನಂತೆ. ತಂದೆಯ ಸಂದೇಹಗಳು ಎರಡು. ಪ್ರೊಸೆಸರನ್ನು ಒಬ್ಬರು, ಮದರ್‌ಬೋರ್ಡನ್ನು ಇನ್ನೊಬ್ಬರು, ಗ್ರಾಫಿಕ್ಸ್ ಕಾರ್ಡನ್ನು ಮತ್ತೊಬ್ಬರು ತಯಾರಿಸಿರುವಾಗ, ಎಂದೂ ಒಂದರ ಮುಖವನ್ನೊಂದು ಕಾಣದ ಈ ಭಾಗಗಳಿಗೆ ಸಾಲಾವಳಿ ಕೂಡಿಬರುವುದೆ ಎಂಬುದು ಮೊದಲನೆಯದು. 550 ವ್ಯಾಟಿನ ಎಸ್‌ಎಂಪಿಎಸ್ ಎಂಬ ವಿದ್ಯುತ್ ಪೆಟ್ಟಿಗೆ ಬೇಕೆಂದು ಹುಡುಗನು ಪಟ್ಟಿಯಲ್ಲಿ ಬರೆದಿರುವುದರಿಂದ ಮನೆಯ ಕರೆಂಟ್ ಬಿಲ್ಲಿನ ಗತಿಯೇನು ಎಂಬುದು ಎರಡನೆಯದು.

ಮೊದಲನೆಯದು ಸ್ವಾರಸ್ಯವಾದ ಪ್ರಶ್ನೆ. ಎರಡನೆಯದು ಬರಿಯ ಭ್ರಾಂತಿ. ಭ್ರಾಂತಿಯನ್ನು ಮೊದಲು ಕಳೆದುಬಿಡುವುದು ಲೇಸು.

ಎಸ್‌ಎಂಪಿಎಸ್ ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಸಂಖ್ಯೆಯು ಅದರ ಸಾಮರ್ಥ್ಯವನ್ನು ತಿಳಿಸುವುದೇ ಹೊರತು ಅದರ ಹಸಿವನ್ನಲ್ಲ. ಬಾವಿಯಲ್ಲಿ ಎಂಟು ಆಳು ನೀರಿದ್ದ ಮಾತ್ರಕ್ಕೆ ಸೇದುವವಳು ಎಂಟು ಆಳು ನೀರನ್ನೂ ಹೊತ್ತು ಮನೆಗೆ ನಡೆಯುವುದಿಲ್ಲವಷ್ಟೆ. ಅವಳ ಬಿಂದಿಗೆ ಹಿಡಿಸುವಷ್ಟೇ ಅವಳದು. ಹುಡುಗನ ಪಟ್ಟಿಯಲ್ಲಿರುವ ರೈಜನ್ 5 7600 ಪ್ರೊಸೆಸರು ಮೈಮುರಿದು ದುಡಿಯುವಾಗಲೂ ಅದಕ್ಕೆ ವಿಧಿಸಿರುವ ಮಿತಿ 88 ವ್ಯಾಟ್. ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡಿನದು 115 ವ್ಯಾಟ್. ಮದರ್‌ಬೋರ್ಡು, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನು ಇವೆಲ್ಲಕ್ಕೆ ಐವತ್ತರಷ್ಟನ್ನು ಸೇರಿಸಿದರೂ ಲೆಕ್ಕವು ಇನ್ನೂರೈವತ್ತರ ಆಸುಪಾಸಿನಲ್ಲಿ ನಿಲ್ಲುತ್ತದೆ. ಗೋಡೆಯ ಪರ್ಯಾಯ ಪ್ರವಾಹವನ್ನು ಯಂತ್ರಕ್ಕೆ ಒಗ್ಗುವ ನೇರ ಪ್ರವಾಹವನ್ನಾಗಿ ಮಾರ್ಪಡಿಸುವಾಗ ಶಾಖವಾಗಿ ಸೋರಿಹೋಗುವ ಪಾಲನ್ನೂ ಕೂಡಿಸಿಕೊಂಡು, ದಿನಕ್ಕೆ ನಾಲ್ಕು ಗಂಟೆ ಬಿಡದೆ ಆಡಿದರೂ ಖರ್ಚಾಗುವುದು ಒಂದು ಯೂನಿಟ್ಟು ಮತ್ತು ಅದರ ಮೇಲೆ ಸ್ವಲ್ಪ. ಹಾಗಾದರೆ 550 ಏಕೆ? ಗ್ರಾಫಿಕ್ಸ್ ಕಾರ್ಡುಗಳು ಕ್ಷಣಾರ್ಧದಲ್ಲಿ ಮಿತಿಯನ್ನು ಮೀರಿ ಬಾಯಿ ತೆರೆಯುವ ಸ್ವಭಾವದವಾದ್ದರಿಂದ ತಯಾರಕರೇ ಆ ಅಂಕಿಯನ್ನು ಸೂಚಿಸಿದ್ದಾರೆ. ಅಲ್ಲದೆ ಈ ಪೆಟ್ಟಿಗೆಗಳು ಅತ್ಯಂತ ದಕ್ಷವಾಗಿರುವುದು ಅರ್ಧ ಭಾರವನ್ನು ಹೊತ್ತಾಗ. ‘80 ಪ್ಲಸ್ ಗೋಲ್ಡ್’ ಎಂಬ ಮುದ್ರೆಯನ್ನು ಪಡೆಯಬೇಕಾದರೆ ಅರ್ಧ ಭಾರದಲ್ಲಿ ನೂರಕ್ಕೆ ತೊಂಬತ್ತು ಪಾಲನ್ನಾದರೂ ಪೋಲು ಮಾಡದೆ ದಾಟಿಸಬೇಕು. ಆದುದರಿಂದ ದೊಡ್ಡ ಪೆಟ್ಟಿಗೆಯಿಂದ ಬಿಲ್ಲು ಏರುವುದಿಲ್ಲ. ಕಳಪೆ ಪೆಟ್ಟಿಗೆಯಿಂದ ಏರುತ್ತದೆ. ತಂದೆಯವರು ಚಿಂತಿಸಲೇಬೇಕೆಂದಿದ್ದರೆ ತಮ್ಮ ಮನೆಯ ಯುಪಿಎಸ್ಸಿನ ವಿಷಯದಲ್ಲಿ ಚಿಂತಿಸಲಿ: ಅದರ ಮೇಲೆ ಬರೆದಿರುವ 600 ವಿಎ ಎಂಬುದು 600 ವ್ಯಾಟ್ ಅಲ್ಲ, ಸಾಮಾನ್ಯವಾಗಿ 360ರಷ್ಟು ಮಾತ್ರ.

ಇನ್ನು ಸಾಲಾವಳಿಯ ಮಾತು. ಈ ಭಾಗಗಳು ಒಂದಕ್ಕೊಂದು ಅಪರಿಚಿತವೆಂಬುದು ನಿಜವಾದರೂ, ಅವುಗಳ ಹಿರಿಯರು ಬಹುಕಾಲದ ಹಿಂದೆಯೇ ಒಂದೆಡೆ ಕುಳಿತು ಮಾತುಕತೆಯನ್ನು ಮುಗಿಸಿರುತ್ತಾರೆ. ಮದರ್‌ಬೋರ್ಡಿನ ಉದ್ದಗಲ, ತಿರುಪುಮೊಳೆಯ ರಂಧ್ರಗಳ ಸ್ಥಾನ, ಇವನ್ನೆಲ್ಲ ಇಂಟೆಲ್ ಸಂಸ್ಥೆಯು 1995ರಲ್ಲಿ ಎಟಿಎಕ್ಸ್ ಎಂಬ ಹೆಸರಿನಿಂದ ಗೊತ್ತುಮಾಡಿತು; 305 ಮಿಲಿಮೀಟರು ಉದ್ದ, 244 ಮಿಲಿಮೀಟರು ಅಗಲದ ಆ ಕಟ್ಟಳೆಯೇ ಇಂದಿಗೂ ನಡೆದುಬಂದಿರುವುದರಿಂದ ಯಾವ ದೇಶದ ಎಟಿಎಕ್ಸ್ ಬೋರ್ಡಾದರೂ ಯಾವ ದೇಶದ ಎಟಿಎಕ್ಸ್ ಕ್ಯಾಬಿನೆಟ್ಟಿನಲ್ಲಾದರೂ ನೆಟ್ಟಗೆ ಕೂರುತ್ತದೆ. ರ‍್ಯಾಮ್‌ಗಳ ವ್ಯವಹಾರವನ್ನು 1958ರಲ್ಲಿ ಹುಟ್ಟಿದ ಜೆಡೆಕ್ ಎಂಬ ಮಂಡಲಿಯು ನೋಡಿಕೊಳ್ಳುತ್ತದೆ. ಒಪ್ಪಂದವನ್ನು ಕಾಗದದಲ್ಲಿ ಬರೆದು ಸುಮ್ಮನಾಗದೆ ಆ ಮಂಡಲಿಯವರು ಅದನ್ನು ವಸ್ತುವಿನ ಮೈಮೇಲೆಯೇ ಕೆತ್ತಿದ್ದಾರೆ ಎಂಬುದನ್ನು ಕಂಡಾಗಲೆಲ್ಲ ನನಗೆ ನಮ್ಮ ಬಡಗಿಗಳ ನೆನಪಾಗುತ್ತದೆ.

ಡಿಡಿಆರ್4 ಮತ್ತು ಡಿಡಿಆರ್5 ಎಂಬ ಎರಡು ಪೀಳಿಗೆಯ ರ‍್ಯಾಮ್ ಕಡ್ಡಿಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಿರಿ. ಉದ್ದವು ಒಂದೇ, 133 ಮಿಲಿಮೀಟರು. ಅಂಚಿನಲ್ಲಿ ಮಿನುಗುವ ಚಿನ್ನದ ಲೇಪದ ಸಂಪರ್ಕಗಳ ಸಂಖ್ಯೆಯೂ ಒಂದೇ, 288. ಅವಳಿ ಮಕ್ಕಳೆಂದು ಭ್ರಮೆಯಾದರೆ ಆಶ್ಚರ್ಯವಿಲ್ಲ. ಆದರೆ ಅಂಚಿನ ನಡುವೆ ಇರುವ ಕಚ್ಚು ಒಂದರಿಂದ ಇನ್ನೊಂದಕ್ಕೆ ಕೆಲವೇ ಮಿಲಿಮೀಟರು ಸರಿದಿದೆ. ಡಿಡಿಆರ್4 ಕಡ್ಡಿಯು ಮದರ್‌ಬೋರ್ಡು ಹದಮಾಡಿ ಬಡಿಸುವ 1.2 ವೋಲ್ಟನ್ನು ಉಣ್ಣುವ ಮಗು. ಡಿಡಿಆರ್5 ಕಡ್ಡಿಯಾದರೋ 5 ವೋಲ್ಟನ್ನು ಒಳಗೆ ತೆಗೆದುಕೊಂಡು ತನ್ನ ಮೈಮೇಲಿನ ಪುಟ್ಟ ಚಿಪ್ಪೊಂದರಿಂದ 1.1 ವೋಲ್ಟಿಗೆ ತಾನೇ ಇಳಿಸಿಕೊಳ್ಳುವಂಥದು. ಒಂದರ ಎಲೆಯಲ್ಲಿ ಇನ್ನೊಂದನ್ನು ಕೂರಿಸಿದರೆ ಅನರ್ಥವಾದೀತು. ಆ ಅನರ್ಥವನ್ನು ತಡೆಯಲು ಅಲ್ಲಿ ಕಾವಲುಗಾರನಿಲ್ಲ, ಎಚ್ಚರಿಕೆಯ ಫಲಕವಿಲ್ಲ. ಸರಿದುಕೊಂಡ ಒಂದು ಕಚ್ಚು ಮಾತ್ರ, ‘ಇದು ನಿನ್ನ ಜಾಗವಲ್ಲ’ ಎಂದು ಕೈಗೆ ಮೌನವಾಗಿ ತಿಳಿಸುತ್ತದೆ. ಅದಕ್ಕೆ ಕಿವಿಗೊಡದೆ ಬಲವಂತದಿಂದ ಒತ್ತುವವನ ಅವಿವೇಕಕ್ಕೆ ಜೆಡೆಕ್ ಹೊಣೆಯಲ್ಲ.

ಆದರೆ ಕಚ್ಚು ಇಲ್ಲದ ಎಡೆಗಳೂ ಉಂಟು. ಕೂರುವುದೆಲ್ಲ ಕೂಡುವುದಿಲ್ಲ ಎಂಬ ಪಾಠವನ್ನು ಅಲ್ಲಿ ಮನುಷ್ಯನೇ ಓದಿ ತಿಳಿಯಬೇಕು. 2017ರಲ್ಲಿ ಬಂದ ಇಂಟೆಲ್‌ನ ಎಂಟನೆಯ ಪೀಳಿಗೆಯ ಪ್ರೊಸೆಸರುಗಳಿಗೂ ಅದಕ್ಕೆ ಹಿಂದಿನ ಎರಡು ಪೀಳಿಗೆಯವಕ್ಕೂ ಸಾಕೆಟ್ಟಿನ ಸಂಪರ್ಕಗಳು ಒಂದೇ ಸಂಖ್ಯೆ, 1151. ಹೊಸದು ಹಳೆಯ ಬೋರ್ಡಿನಲ್ಲಿ ಸಲೀಸಾಗಿ ಕೂರುತ್ತಿತ್ತು. ಮೊದಲು ಬಿಡುವಾಗಿದ್ದ ಕೆಲವು ಸಂಪರ್ಕಗಳಿಗೆ ವಿದ್ಯುತ್ತನ್ನು ಹೊರುವ ಕೆಲಸವನ್ನು ಹಚ್ಚಿದ್ದರಿಂದ ಚಿಪ್‌ಸೆಟ್ಟು ಮಾತ್ರ ಅದನ್ನು ಒಪ್ಪುತ್ತಿರಲಿಲ್ಲ. ಎಎಂಡಿಯವರ ಎಎಂ4 ಸಾಕೆಟ್ಟಿನ ಕಥೆ ಇದಕ್ಕೆ ವಿಪರೀತ: ಅವರು ವರ್ಷಗಟ್ಟಲೆ ಒಂದೇ ಸಾಕೆಟ್ಟನ್ನು ಉಳಿಸಿಕೊಂಡು ಬಂದು ಜನರ ಪ್ರೀತಿಯನ್ನು ಗಳಿಸಿದರು, ಆದರೆ ಹೊಸ ಪ್ರೊಸೆಸರಿನ ಪರಿಚಯವು ಹಳೆಯ ಬೋರ್ಡಿಗೆ ಆಗಬೇಕಾದರೆ ಅದರ ಬಯಾಸ್ ಎಂಬ ಒಳತಂತ್ರಾಂಶ ನವೀಕರಣಗೊಳ್ಳಬೇಕು, ಆ ಬಯಾಸ್ ಚಿಪ್ಪಿನಲ್ಲಿಯೋ ಹಲವು ಬೋರ್ಡುಗಳಲ್ಲಿ ಇದ್ದ ಜಾಗ 16 ಮೆಗಾಬೈಟು ಮಾತ್ರ. ಸಂಸಾರ ಬೆಳೆದು ಮನೆ ಸಾಲದಾದಾಗ, ಹೊಸ ಸೊಸೆಗೆ ಕೋಣೆಯನ್ನು ಕೊಡಲು ಹಿರಿಯರನ್ನು ಹಜಾರಕ್ಕೆ ಕಳಿಸಿದಂತೆ, ಕೆಲವು ತಯಾರಕರು ಅತ್ಯಂತ ಹಳೆಯ ಪ್ರೊಸೆಸರುಗಳ ಪರಿಚಯವನ್ನೇ ಅಳಿಸಬೇಕಾಯಿತು.

ಕಚ್ಚಿಲ್ಲದ ಮೂರನೆಯ ಎಡೆಯು ನನಗೆ ಸ್ವಂತ ಖರ್ಚಿನಿಂದ ಪರಿಚಿತವಾದದ್ದು. ಎಸ್‌ಎಂಪಿಎಸ್‌ನಿಂದ ಬಿಚ್ಚಿ ಹಾಕಬಹುದಾದ ಕೇಬಲ್ಲುಗಳು, ಹಾರ್ಡ್ ಡಿಸ್ಕಿನ ಕಡೆಯ ತುದಿಯಲ್ಲಿ ಜಗತ್ತಿನಾದ್ಯಂತ ಒಂದೇ ಕ್ರಮವನ್ನು ಪಾಲಿಸುತ್ತವೆ. ಪೆಟ್ಟಿಗೆಯ ಕಡೆಯ ತುದಿಯಲ್ಲಿ ಅಂಥ ಒಪ್ಪಂದವೇ ಇಲ್ಲ. ಉಪಯೋಗಕ್ಕೆ ಬಂದೀತೆಂದು ಹಳೆಯ ವಸ್ತುಗಳನ್ನು ಕೂಡಿಡುವ ಚಟದ ನಾನು, ಸತ್ತ ಎಸ್‌ಎಂಪಿಎಸ್ ಒಂದರ ಕೇಬಲ್ಲನ್ನು ಹೊಸದಕ್ಕೆ ಸಿಕ್ಕಿಸಿದೆ. ಹಿತವಾಗಿ, ಟಕ್ಕೆಂದು ಕೂತಿತು. 5 ವೋಲ್ಟು ಬರಬೇಕಾದ ತಂತಿಯಲ್ಲಿ 12 ವೋಲ್ಟು ಹರಿದು, ಒಂದು ಸಣ್ಣ ಸುಟ್ಟ ವಾಸನೆಯೊಡನೆ ಎಂಟು ವರ್ಷಗಳ ಛಾಯಾಚಿತ್ರಗಳು ನನ್ನನ್ನು ಬಿಟ್ಟುಹೋದುವು. ಅಂದಿನಿಂದ ಕೇಬಲ್ಲನ್ನು ಅದರ ಪೆಟ್ಟಿಗೆಯೊಡನೆಯೇ ಸಂಸ್ಕಾರ ಮಾಡುತ್ತೇನೆ.

ಇಷ್ಟೆಲ್ಲವನ್ನೂ ನೋಡಿಕೊಂಡು, ಗ್ರಾಫಿಕ್ಸ್ ಕಾರ್ಡಿನ ಉದ್ದವನ್ನೂ ಕೂಲರಿನ ಎತ್ತರವನ್ನೂ ಕ್ಯಾಬಿನೆಟ್ಟಿನ ವಿವರಪತ್ರದೊಡನೆ ತಾಳೆಮಾಡಿಕೊಂಡು, ಇಂಥದೇ ಯಂತ್ರವೊಂದನ್ನು ಜೋಡಿಸಲು ನನ್ನ ಸೋದರಳಿಯನೂ ನಾನೂ ಹಿಂದೊಮ್ಮೆ ಬೆಂಗಳೂರಿನ ಎಸ್.ಪಿ. ರಸ್ತೆಯ ಇಕ್ಕಟ್ಟಿನ ಮಹಡಿಗಳನ್ನು ಹತ್ತಿಳಿದು ಸಾಮಗ್ರಿಗಳನ್ನು ತಂದೆವು. ಒಂದು ಭಾನುವಾರ ಸಂಜೆ ಅವನ ಮನೆಯಲ್ಲಿ ಜೋಡಣೆ ಮುಗಿಯಿತು. 1718 ಸೂಕ್ಷ್ಮ ಸಂಪರ್ಕಗಳ ಎಎಂ5 ಸಾಕೆಟ್ಟಿನ ಮೇಲೆ ಪ್ರೊಸೆಸರನ್ನು ಹೂವಿಡುವಂತೆ ಇಟ್ಟದ್ದಾಯಿತು, ತ್ರಿಕೋನದ ಗುರುತಿಗೆ ತ್ರಿಕೋನದ ಗುರುತು ಎದುರಾದದ್ದಾಯಿತು. ಗುಂಡಿಯನ್ನೊತ್ತಿದ. ಫ್ಯಾನುಗಳು ತಿರುಗಿದುವು, ಪರದೆ ಮಾತ್ರ ಕಪ್ಪಗೇ ಇತ್ತು. ಒಂದು ನಿಮಿಷ, ಎರಡು ನಿಮಿಷ. ಹುಡುಗನ ಮುಖ ಬಾಡಿತು. ಒಳಗಿನಿಂದ ಅವನ ಅಜ್ಜಿ ಬಂದು, “ಭಾನುವಾರ ನಾಲ್ಕೂವರೆಯಿಂದ ಆರರ ತನಕ ರಾಹುಕಾಲ ಕಣೋ ಅಂತ ಬಡಕೊಂಡೆ, ಕೇಳಿದೆಯಾ? ಮೊದಲು ಅದನ್ನ ಆರಿಸು” ಎಂದರು. ಅವನ ಬೆರಳು ಗುಂಡಿಯತ್ತ ಚಲಿಸಿದ್ದನ್ನು ಕಂಡು ನಾನು ಕೈಯನ್ನು ಅಡ್ಡ ಹಿಡಿದೆ.

ಏಕೆಂದರೆ ಆ ಕಪ್ಪು ಪರದೆಯ ಹಿಂದೆ ನಡೆಯುತ್ತಿದ್ದುದು, ನನ್ನ ಮಟ್ಟಿಗೆ, ಈ ಯಂತ್ರದ ಬದುಕಿನ ಅತ್ಯಂತ ಸುಂದರವಾದ ಘಟನೆ. ಅವನ ರ‍್ಯಾಮಿನ ಪೊಟ್ಟಣದ ಮೇಲೆ 6000 ಎಂದು ಬರೆದಿತ್ತು. ಒಂದೊಂದು ತಂತಿಯಲ್ಲಿಯೂ ಸೆಕೆಂಡಿಗೆ 600 ಕೋಟಿ ಸಂಕೇತಗಳು ಹಾಯುತ್ತವೆಂದು ಅದರ ಅರ್ಥ. ಒಂದು ಸಂಕೇತದ ಆಯುಸ್ಸಿನಲ್ಲಿ ಬೆಳಕು ಶೂನ್ಯದಲ್ಲಿ ಕ್ರಮಿಸುವ ದೂರ ಕೇವಲ ಐದು ಸೆಂಟಿಮೀಟರು. ಬೋರ್ಡಿನ ತಾಮ್ರದ ಗೆರೆಗಳಲ್ಲಿ ವಿದ್ಯುತ್ಸಂಕೇತದ ವೇಗವು ಅದರ ಅರ್ಧದಷ್ಟಾದ್ದರಿಂದ ಎರಡೂವರೆ ಸೆಂಟಿಮೀಟರು ಎನ್ನಿರಿ. ಪ್ರೊಸೆಸರಿನಿಂದ ರ‍್ಯಾಮಿಗೆ ಇರುವ ದಾರಿಯು ಅದಕ್ಕಿಂತ ದೀರ್ಘ. ಮೊದಲ ಸಂಕೇತವು ಮನೆ ಮುಟ್ಟುವ ಮೊದಲೇ ಮುಂದಿನವು ಒಂದರ ಹಿಂದೊಂದು ಬೀದಿಗಿಳಿದಿರುತ್ತವೆ! ಒಂದೊಂದು ಕಡ್ಡಿಗೂ ಅಂಥ ದತ್ತಾಂಶದ ಬೀದಿಗಳು 64. ಅವುಗಳ ಉದ್ದವು ಸಮನಾಗಲೆಂದೇ ಸಮೀಪದ ಗೆರೆಗಳನ್ನು ಹಾವಿನಂತೆ ಸುತ್ತಿಬಳಸಿ ಎಳೆದಿರುವುದು ಕೆಲವು ಬೋರ್ಡುಗಳಲ್ಲಿ ಬರಿಗಣ್ಣಿಗೇ ಕಾಣುತ್ತದೆ. ಎಷ್ಟೇ ಜತನದಿಂದ ಎಳೆದರೂ ಕೂದಲೆಳೆಯ ವ್ಯತ್ಯಾಸ ಉಳಿದೇ ಉಳಿಯುತ್ತದೆ. ಯಾವ ಎರಡು ಬೋರ್ಡುಗಳೂ, ಯಾವ ಎರಡು ಕಡ್ಡಿಗಳೂ ಸರ್ವಥಾ ಸಮವಲ್ಲ. ಆದುದರಿಂದ ಮೊದಲ ಸಲ ಚಾಲನೆಗೊಂಡಾಗ ಪ್ರೊಸೆಸರು ತನಗೆ ಗೊತ್ತಿರುವ ಪಾಠವನ್ನು ರ‍್ಯಾಮಿಗೆ ಒಪ್ಪಿಸಿ, ಮರಳಿ ಕೇಳಿ, ತಪ್ಪಿದರೆ ಕಾಲವನ್ನು ಎಳ್ಳಷ್ಟು ಹಿಂದುಮುಂದು ಮಾಡಿ, ಮತ್ತೆ ಒಪ್ಪಿಸಿ, ಪ್ರತಿಯೊಂದು ತಂತಿಯಲ್ಲಿಯೂ ಸಂಕೇತವು ನಿಚ್ಚಳವಾಗಿ ಕೇಳಿಸುವ ಕ್ಷಣವನ್ನು ಹುಡುಕಿಕೊಳ್ಳುತ್ತದೆ. ಇದಕ್ಕೆ ಯಂತ್ರಜ್ಞರು ಟ್ರೈನಿಂಗ್ ಎನ್ನುತ್ತಾರೆ. ನಾನು ಶ್ರುತಿ ಸೇರಿಸುವುದು ಎನ್ನುತ್ತೇನೆ. ವಿದ್ವಾಂಸರು ತಂಬೂರಿಯ ಬಿರಟೆಯನ್ನು ತಿರುವುತ್ತ ಕಿವಿಗೊಟ್ಟು ಕುಳಿತಿರುವಾಗ ಕಚೇರಿ ಕೆಟ್ಟಿತೆಂದು ಯಾರಾದರೂ ದೀಪವಾರಿಸುತ್ತಾರೆಯೆ? ಈ ಸಮಯದಲ್ಲಿ ಗುಂಡಿಯನ್ನೊತ್ತಿ ಆರಿಸಿದವನಿಗೆ ಲಭಿಸುವುದು ಇಷ್ಟೆ: ಮುಂದಿನ ಸಲ ಶ್ರುತಿಯು ಮೊದಲಿನಿಂದ ಆರಂಭ.

ಸಾಲಾವಳಿಯ ಕಡೆಯ ಸೂತ್ರವೂ ಇದರಿಂದಲೇ ಹೊರಡುತ್ತದೆ. ಈಗೊಂದು ಕಡ್ಡಿ, ಆರು ತಿಂಗಳ ಮೇಲೆ ಇನ್ನೊಂದು ಎಂದು ರ‍್ಯಾಮನ್ನು ಕಂತಿನಲ್ಲಿ ಕೊಳ್ಳಬಾರದು. ಹೆಸರು ಒಂದೇ ಆದರೂ ಒಳಗಿನ ಚಿಪ್ಪು ಬೇರೆಯಾಗಿ, ಎರಡಕ್ಕೂ ಒಪ್ಪುವ ಶ್ರುತಿಯು ಸಿಕ್ಕದೆ ಹೋಗಬಹುದು. ಜೋಡಿಯಾಗಿಯೇ ಮಾರುವ ಪೊಟ್ಟಣವನ್ನು, ಮದರ್‌ಬೋರ್ಡಿನವರು ತಾವೇ ಪರೀಕ್ಷಿಸಿ ಪ್ರಕಟಿಸಿರುವ ಪಟ್ಟಿಯಲ್ಲಿದೆಯೆಂದು ನೋಡಿಕೊಂಡು ತರಬೇಕು. ಶ್ರುತಿ ಸೇರಿದ ಮೇಲೆ ಬಯಾಸಿನಲ್ಲಿ ಎಕ್ಸ್‌ಪೋ ಎಂಬ ಆಯ್ಕೆಯನ್ನು ಒಪ್ಪದಿದ್ದರೆ ಕಡ್ಡಿಯು ಮಂದಗತಿಯಲ್ಲಿಯೇ ಓಡುತ್ತಿರುತ್ತದೆಂಬುದನ್ನೂ ಹುಡುಗನು ಮರೆಯದಿರಲಿ; ಒಪ್ಪಿದೊಡನೆ ಪರದೆ ಇನ್ನೊಮ್ಮೆ ಕಪ್ಪಾದೀತು, ಆಗಲೂ ತಂದೆಯವರು ಗಾಬರಿಯಾಗಬಾರದು.

ಸೋದರಳಿಯನ ಮನೆಯ ಪರದೆ ನಾಲ್ಕನೆಯ ನಿಮಿಷದಲ್ಲಿ ಬೆಳಗಿತು. ಹುಡುಗನು ಕುಣಿದ. ಅಜ್ಜಿಯವರು ತೃಪ್ತಿಯಿಂದ, “ನೋಡು, ರಾಹುಕಾಲ ಕಳೀತು” ಎಂದು ಒಳಗೆ ಹೋದರು. ಗೋಡೆಯ ಗಡಿಯಾರದಲ್ಲಿ ಐದು ಗಂಟೆ ಹತ್ತು ನಿಮಿಷವಾಗಿತ್ತು.